ಮೊದಲ ಮಾತು ಒಳಗಿನಿಂದ

ರಿಪ್ಪನ್‌ಪೇಟೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಲಿಖಿತಾ, ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಾಗರದ ಒಂದು ಸಂಸ್ಥೆ. ಎರಡು ಸಲ ಆಯ್ಕೆಯಾಗದೆ ಇದ್ದವಳಿಗೆ ಈ ಸಲ ಕೊನೆಯ ಸುತ್ತಿನವರೆಗೆ ಕರೆ ಬಂದಿತ್ತು. ಸಂದರ್ಶನ ಕಂಪ್ಯೂಟರಿನಲ್ಲಿ, ಧ್ವನಿ ಮಾತ್ರ.

ಹಿಂದಿನ ದಿನ ಪರೀಕ್ಷಿಸಿ ನೋಡಿದರೆ ಇವಳ ಮಾತು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯದು ಇಲ್ಲಿಗೆ ಬರುತ್ತಿರಲಿಲ್ಲ. ಇಂಟರ್‌ನೆಟ್ ಹಾಕಿಕೊಟ್ಟ ನಾಗೇಂದ್ರ ಬಂದು ರೂಟರ್ ನೋಡಿದ. ಸಂಸ್ಥೆಯ ಸಾಫ್ಟ್‌ವೇರ್ ಹಳೆಯದು. ಮಾತು ಒಂದು ಪೋರ್ಟಿನಲ್ಲಿ, ಅಂದರೆ ರೂಟರಿನ ಒಂದು ಬಾಗಿಲಲ್ಲಿ, ಹೊರಗೆ ಹೋದರೆ ಉತ್ತರ ಇನ್ನೊಂದಕ್ಕೆ ಬರುತ್ತದೆ. ಕರೆಯದೆ ಬಂದದ್ದನ್ನು ರೂಟರ್ ಒಳಗೆ ಬಿಡುವುದಿಲ್ಲ. ಆ ಪೋರ್ಟನ್ನು ಸದಾ ತೆರೆದಿಡುವುದು ಕ್ಷೇಮವಲ್ಲವೆಂದು ಅವನು ಪೋರ್ಟ್ ಟ್ರಿಗರಿಂಗ್ ಎಂಬ ಏರ್ಪಾಡು ಹಾಕಿದ. ಒಳಗಿನ ಯಾವ ಕಂಪ್ಯೂಟರಿನಿಂದ ಮಾತು ಹೊರಟಿತೋ ಅದೊಂದಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ಐದು ನಿಮಿಷ ಏನೂ ಹೋಗದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಇಷ್ಟನ್ನೂ ನನಗಾಗಿ ಬೇಸರಿಸದೆ ಎರಡು ಸಲ ಹೇಳಿದ.

ಮರುದಿನ ಲಿಖಿತಾ ನಮ್ಮ ಹಜಾರದಲ್ಲೇ ಕುಳಿತಳು. ಒಂದು ಪುಟ ಚೆನ್ನಾಗಿ ಓದಿದಳು. ಸ್ವಲ್ಪ ಇರಿ, ನಾವು ಮಾತಾಡಿಕೊಳ್ಳುತ್ತೇವೆ ಎಂದರು ಆ ಕಡೆಯವರು. ಹಿರಿಯರ ಮಾತಿನ ನಡುವೆ ತನ್ನ ಉಸಿರೂ ಕೇಳಬಾರದೆಂದು ಮೈಕ್ ಆಫ್ ಮಾಡಿ ಕೈಕಟ್ಟಿ ಕಾದಳು. ಹತ್ತು ನಿಮಿಷವಾದರೂ ಆ ಕಡೆಯಿಂದ ಸದ್ದಿಲ್ಲ.

ನಾನು ಒಳಗೆ ಹೋಗಿ ನಾಗೇಂದ್ರನಿಗೆ ಫೋನ್ ಮಾಡಿದೆ. ಹೊಸನಗರದ ದಾರಿಯಲ್ಲಿದ್ದವನು ಬೈಕ್ ನಿಲ್ಲಿಸಿ ಕೇಳಿದ.

"ಮೈಕ್ ಆಫ್ ಮಾಡಿದಾರಾ? ಹಂಗಾದ್ರೆ ಬಾಗ್ಲು ಮುಚ್ಚಿದೆ ಅಮ್ಮ. ಅವ್ರು ಅಲ್ಲಿಂದ ಕೂಗ್ತಾ ಇದ್ರೂ ಕೇಳಲ್ಲ. ಇವ್ರೇ ಮೊದ್ಲು ಮಾತಾಡ್ಬೇಕು."

ಲಿಖಿತಾಗೆ ಹೇಳಿದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

"ದೊಡ್ಡೋರು ಕೇಳ್ದೆ ನಾನೆಂತ ಬಾಯಿ ಹಾಕ್ಲಿ, ಮೇಡಂ?"

"ಅವ್ರು ಕೇಳಿ ಆಗಿರ್ಬೋದು. ನೀನೇ ಉತ್ತರ ಕೊಡ್ತಿಲ್ಲ ಅಂದ್ಕೊಂಡಿರ್ತಾರೆ."

ಅವಳು ಮೈಕ್ ಆನ್ ಮಾಡಿ, "ಸರ್, ನಾನು ಇಲ್ಲೇ ಇದೀನಿ" ಎಂದಳು. ಒಡನೆಯೇ ಒಂದು ಗಂಡು ದನಿ ಕೇಳಿಸಿತು. ಮೂರು ಸಲ ಕರೆದರಂತೆ; ಆಸಕ್ತಿ ಇಲ್ಲವೆಂದು ಬರೆದುಕೊಳ್ಳುವುದರಲ್ಲಿದ್ದರಂತೆ. ಇರಲಿ ಬಿಡಿ ಎಂದು ಒಬ್ಬ ಹೆಂಗಸು ಪ್ರಶ್ನೆಯನ್ನು ಮೊದಲಿನಿಂದ ನಿಧಾನವಾಗಿ ಕೇಳಿದರು. ಲಿಖಿತಾ ಉತ್ತರಿಸಿದಳು.

ಅವರು ಮತ್ತೆ ಕಾಯಲು ಹೇಳಿದರು. ಈ ಸಲ ಅವಳು ಮೈಕ್ ಮುಟ್ಟಲಿಲ್ಲ. ಗಡಿಯಾರ ನೋಡಿಕೊಂಡು, ಎರಡು ನಿಮಿಷಕ್ಕೊಮ್ಮೆ "ಇದೀನಿ ಸರ್" ಎಂದಳು. ನಾಲ್ಕನೆಯ ಸಲಕ್ಕೆ ಆ ಹೆಂಗಸು ನಕ್ಕರು.

"ಗೊತ್ತಾಯ್ತಮ್ಮ. ಸೋಮವಾರದಿಂದ ಕೆಲ್ಸಕ್ಕೆ ಬಾ."