ಮದ್ದಿಲ್ಲದ ತೋಟೆ

"ಅಪ್ಪಾ, ಇದು ಹೇಸರಗತ್ತೆ ಒದ್ದ ಹಾಗೆ ಒದೆಯುತ್ತೆ," ಎಂದು ಥಿಯಾ ನಲವತ್ತನಾಲ್ಕರ ರಿವಾಲ್ವರನ್ನು ಬೆಂಚಿನ ಮೇಲಿಟ್ಟು ಅಂಗೈ ಕೊಡವಿಕೊಂಡಳು. "ಆದ್ರೆ ಟಗರು ಬಿತ್ತು, ನೋಡಿದ್ಯಾ? ಆ ಸಣ್ಣ ಗುಂಡಿನ ಮುನ್ನೂರೈವತ್ತೇಳರ ರಿವಾಲ್ವರಲ್ಲಿ ಎರಡು ಸಲ ಹೊಡೆದ್ರೂ ಸುಮ್ನೆ ತಲೆ ಆಡಿಸಿ ನಿಂತ್ಕೊಂಡಿತ್ತು."

ಇನ್ನೂರು ಮೀಟರ್ ಆಚೆ, ಒಣಹುಲ್ಲಿನ ದಿಬ್ಬದ ಬುಡದಲ್ಲಿ, ಉಕ್ಕಿನ ಹಲಗೆಯಲ್ಲಿ ಕೊಯ್ದ ಟಗರು ಮಕಾಡೆ ಬಿದ್ದಿತ್ತು. ಅದರ ಈಚೆ ಟರ್ಕಿಕೋಳಿ, ಇನ್ನೂ ಈಚೆ ಹಂದಿ, ಎಲ್ಲಕ್ಕೂ ಹತ್ತಿರ ಹುಂಜ. ಮೂರು ವಾರದಲ್ಲಿ ಇಂಥವನ್ನು ಹೊಡೆದುರುಳಿಸುವ ಮೊಂಟಾನಾ ರಾಜ್ಯದ ಪಂದ್ಯ. ಯಾವ ರಿವಾಲ್ವರ್ ಒಯ್ಯಬೇಕೆಂಬುದು ಈ ಶನಿವಾರ ಬೆಳಿಗ್ಗೆಯೇ ತೀರ್ಮಾನವಾಗಬೇಕೆಂದು ತಂದೆ ಮಗಳು ಕ್ಲಬ್ಬಿಗೆ ಬಂದಿದ್ದರು.

"ಅಂಗಡಿ ತೋಟೆ ಅಲ್ವಾ, ಒದೀದೆ ಇರುತ್ತಾ? ಈಗ ನಾನು ತುಂಬಿದ್ದು ಹೊಡಿ. ಬೆಣ್ಣೆ ಹಾಗಿರುತ್ತೆ," ಎಂದ ಆರಿನ್ ಹೌಗ್ಲಂಡ್.

ಅರವತ್ತೊಂಬತ್ತರ ಆರಿನ್ ನಲವತ್ತು ವರ್ಷದಿಂದ ತೋಟೆ ತುಂಬುತ್ತಿದ್ದವನು. ಒದೆತ ಕಡಿಮೆಯಾಗಲೆಂದು, ಬೇಗ ಉರಿಯುವ ಮದ್ದನ್ನು ಹಿತ್ತಾಳೆಯ ಚಿಪ್ಪಿನ ಅರ್ಧಕ್ಕೂ ಬಾರದಷ್ಟು ಹಾಕಿ, ಮೇಲೆ ಸೀಸದ ಗುಂಡು ಕೂರಿಸುತ್ತಿದ್ದ. ಮಂಗಳವಾರ ಅಂಥ ನೂರು ತುಂಬಿದ್ದ. ಐವತ್ತು ಮಗಳಿಗೆ, ಐವತ್ತು ಗೆಳೆಯ ರಾಸ್ಕೋ ಬೋಡ್ರಿಗೆ. ರಾಸ್ಕೋನ ಹತ್ತಿರ ಇದೇ ನಲವತ್ತನಾಲ್ಕು ಬೇರೆ ಕಂಪನಿಯದು ಇತ್ತು. ಅದರ ನಳಿಗೆ ಇದಕ್ಕಿಂತ ಎರಡಿಂಚು ಹೆಚ್ಚು ಉದ್ದ. ಒಂದೇ ತೋಟೆ ಎರಡೂ ರಿವಾಲ್ವರಿನಲ್ಲಿ ಹೇಗೆ ಗುರಿಗೆ ಕೂರುತ್ತದೆ ನೋಡೋಣ, ಗೆದ್ದದ್ದನ್ನು ಥಿಯಾ ಒಯ್ಯಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಥಿಯಾ ಹನ್ನೆರಡು ಹೊಡೆದಳು. ನಾಲ್ಕು ಹುಂಜ, ಮೂರು ಹಂದಿ ಉರುಳಿದವು. ಮತ್ತೆ ತುಂಬಿ ಹದಿಮೂರನೆಯದಕ್ಕೆ ಟ್ರಿಗರ್ ಎಳೆದಳು. ಪುಸ್ ಎಂದಿತು. ಕೈ ಮೇಲೇಳಲಿಲ್ಲ, ಹೊಗೆಯೂ ಅಷ್ಟಾಗಿ ಬರಲಿಲ್ಲ.

ಕಿವಿಮುಚ್ಚಿಗೆ ಹಾಕಿಕೊಂಡಿದ್ದ ಥಿಯಾಗೆ ತೋಟೆ ಹತ್ತಲಿಲ್ಲ ಅನ್ನಿಸಿರಬೇಕು. ಹೆಬ್ಬೆರಳಿನಿಂದ ಮತ್ತೆ ರಿವಾಲ್ವರಿನ ಹಿಂಬದಿಯ ಸುತ್ತಿಗೆ ಎಳೆದಳು.

"ಬೇಡ!" ಆರಿನ್ ಕೂಗಿದ. ಅವಳಿಗೆ ಕೇಳಲಿಲ್ಲ. ಅವನು ಬೆಂಚಿನ ಮೇಲೆ ಬಾಗಿ, ಎದ್ದು ನಿಂತಿದ್ದ ಸುತ್ತಿಗೆಯ ಮುಂದಕ್ಕೆ ತನ್ನ ಕೈಯನ್ನೇ ತುರುಕಿದ. ಅದೇ ಗಳಿಗೆಗೆ ಟ್ರಿಗರ್ ಹಿಂದೆ ಸರಿಯಿತು. ಉಕ್ಕು ಹೆಬ್ಬೆರಳಿನ ಬುಡದ ಮಾಂಸಕ್ಕೆ ಕಚ್ಚಿ ನಿಂತಿತು.

"ಅಯ್ಯೋ ಅಪ್ಪಾ! ಏನ್ ಮಾಡ್ಕೊಂಡೆ!"

"ಕೈ ಅಲ್ಲಾಡಿಸ್ಬೇಡ. ನಿಧಾನ... ಸುತ್ತಿಗೆ ಹಿಂದಕ್ಕೆ ಹಿಡ್ಕೋ... ಹ್ಞಾ."

ತೋಟೆ ಕೂರುವ ಸಿಲಿಂಡರ್ ಹೊರಳಿಸಿ ಎಲ್ಲವನ್ನೂ ತೆಗೆದು, ಹಿತ್ತಾಳೆಯ ಸರಳನ್ನು ನಳಿಗೆಯೊಳಗೆ ಬಿಟ್ಟರು. ಅರ್ಧಕ್ಕೇ ತಡೆಯಿತು. ಮದ್ದಿಲ್ಲದ ತೋಟೆ. ತೋಟೆಯ ತಳದ ಕಿಡಿಯ ಬಲವೊಂದಕ್ಕೇ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಂಡಿತ್ತು. ಹಿಂದಿನಿಂದ ಇನ್ನೊಂದು ಬಂದಿದ್ದರೆ ನಳಿಗೆ ಮಗಳ ಮುಖದೆದುರೇ ಸಿಡಿಯುತ್ತಿತ್ತು.

ಆರಿನ್ ಬೆಂಚಿನ ತುದಿಗೆ ಕೂತ. ಕೈಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿದ್ದರೂ ಅವನಿಗೆ ಅದರ ಗಮನವಿರಲಿಲ್ಲ. ಥಿಯಾ ತನ್ನ ಕತ್ತಿನ ವಸ್ತ್ರ ಬಿಚ್ಚಿ ಸುತ್ತಿದಳು.

"ಒಂದು ಬಿಟ್ಟುಹೋಗಿದೆ ಅಷ್ಟೇ ಅಪ್ಪ. ಯಾರಿಗಾದ್ರೂ ಆಗುತ್ತೆ."

"ಇಲ್ಲ ಥಿಯಾ. ಒಂದರ ಮದ್ದು ಒಂದಕ್ಕೆ ಅಂತ ಅಳೆದು ಹಾಕ್ತೀನಿ. ಸಂಜೆ ನೋಡಿದಾಗ ಡಬ್ಬಿಯಲ್ಲಿ ಉಳಿದಿದ್ದು ನೂರರ ಲೆಕ್ಕಕ್ಕೆ ಸರಿಯಾಗಿತ್ತು. ಇದಕ್ಕೆ ಬಿದ್ದಿಲ್ಲ ಅಂದ್ರೆ, ಇನ್ಯಾವುದಕ್ಕೋ ಎರಡು ಸಲ ಬಿದ್ದಿದೆ."

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ನೂರನ್ನೂ ಆರಿನ್ ಒಂದೇ ಬೋಗುಣಿಯಲ್ಲಿ ಬೆರೆಸಿ, ಒರೆಸಿ, ಎರಡು ಪೆಟ್ಟಿಗೆ ಮಾಡಿದ್ದ. ಆ ಇನ್ನೊಂದು ಪೆಟ್ಟಿಗೆ ರಾಸ್ಕೋನ ಹತ್ತಿರ ಇತ್ತು. ಶನಿವಾರ ಬೆಳಿಗ್ಗೆಯೇ ಹೊಡೆಯುತ್ತೇನೆ ಎಂದಿದ್ದ.

ಥಿಯಾ ಫೋನ್ ಮಾಡಿದಳು. ರಾಸ್ಕೋನ ಮನೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನ ಹೆಂಡತಿ ಶನಿವಾರ ಪೇಟೆಗೆ ಹೋಗುತ್ತಾಳೆ. ಅವನು ಮೊಬೈಲ್ ಇಟ್ಟುಕೊಂಡವನಲ್ಲ.

ಹದಿನೆಂಟು ಮೈಲಿ ಜಲ್ಲಿರಸ್ತೆ. ಥಿಯಾ ಪಿಕಪ್ ಓಡಿಸಿದ ವೇಗಕ್ಕೆ ಹಿಂದಿನ ಕಿಟಕಿಯಲ್ಲಿ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ. ದಿನವೂ ಶಾಲೆಯ ಬಸ್ಸನ್ನು ಇದೇ ರಸ್ತೆಯಲ್ಲಿ ಮಕ್ಕಳ ನಿದ್ದೆ ಕೆಡದ ಹಾಗೆ ಓಡಿಸುವವಳು ಅವಳು. ಆರಿನ್ ಪಕ್ಕದಲ್ಲಿ ಕೂತು ಮಂಗಳವಾರವನ್ನು ಹುಡುಕುತ್ತಿದ್ದ. ಚಿಪ್ಪುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ನಿಲ್ಲಿಸಿದ್ದು ನೆನಪಿತ್ತು. ಮದ್ದಿನ ತಕ್ಕಡಿ ನೆನಪಿತ್ತು. ಆಮೇಲೆ ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿ ನೋಡಬೇಕು. ನಲವತ್ತು ವರ್ಷ ಒಂದು ಸಲವೂ ಬಿಟ್ಟವನಲ್ಲ. ಆದರೆ ಮಂಗಳವಾರ ಟಾರ್ಚ್ ಹಿಡಿದದ್ದು ನೆನಪಿಗೆ ಬರಲಿಲ್ಲ. ಊಟ ಮಾಡಿದ್ದೂ ಬರಲಿಲ್ಲ. ಮಧ್ಯಾಹ್ನವೆಂಬುದೇ ಅಲ್ಲಿರಲಿಲ್ಲ.

"ನಡುವೆ ಎದ್ದು ಹೋಗಿದ್ನೇನೋ," ಎಂದ.

"ಹೋಗಿದ್ದೆ. ನಾನೇ ಫೋನ್ ಮಾಡಿದ್ದೆ," ಎಂದಳು ಥಿಯಾ, ರಸ್ತೆಯಿಂದ ಕಣ್ಣು ತೆಗೆಯದೆ. "ಪಂದ್ಯ ಯಾವತ್ತು ಅಂತ ಕೇಳ್ದೆ ನೀನು. ನಾನು ಹೇಳ್ದೆ. ನೀನು ಮತ್ತೆ ಕೇಳ್ದೆ. ಮೂರು ಸಲ ಕೇಳ್ದೆ ಅಪ್ಪ."

ಅವನು ಕೈಗೆ ಸುತ್ತಿದ ವಸ್ತ್ರದ ಗಂಟನ್ನು ಬಿಗಿದುಕೊಂಡ.

ರಾಸ್ಕೋನ ಗೇಟಿನಲ್ಲಿ ಗಾಡಿ ನಿಂತಾಗ ಢಂ ಎಂದು ಕೇಳಿಸಿತು. ಕೊಟ್ಟಿಗೆಯ ಹಿಂದಿನಿಂದ. ಆರಿನ್ ಬಾಗಿಲು ತೆರೆದು ಇಳಿದ. ಮತ್ತೆ ಢಂ. ಸರಿಯಾದ ಸದ್ದು, ಬದುಕಿದ್ದಾನೆ. ಆದರೆ ಇನ್ನೂ ಹೊಡೆಯುತ್ತಿದ್ದಾನೆ. "ರಾಸ್ಕೋ!" ಎಂದು ಕೂಗಿದರೆ ಎದುರುಗಾಳಿ ಹೆಸರನ್ನು ಬಾಯಿಗೇ ಹಿಂದಕ್ಕೆ ತಳ್ಳಿತು. ಥಿಯಾ ಓಡಿದಳು. ಮೂರನೆಯ ಸದ್ದು, ನಾಲ್ಕನೆಯದು. ಆಮೇಲೆ ನಿಂತುಹೋಯಿತು.

ಆರಿನ್ ಅಲ್ಲೇ ನಿಂತ. ಬೇಲಿಯ ಕಂಬ ಹಿಡಿದುಕೊಂಡ. ಐದನೆಯದಕ್ಕೆ ಕಾದ. ಬರಲಿಲ್ಲ. ಸಿಡಿದಿದ್ದರೆ ಸದ್ದು ಬೇರೆ ಇರುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಇರುತ್ತಿತ್ತೇ? ಅದನ್ನು ಅವನು ಎಂದೂ ಕೇಳಿರಲಿಲ್ಲ. ಕೊಟ್ಟಿಗೆಯವರೆಗಿನ ನೂರು ಹೆಜ್ಜೆ ನಡೆದ. ಮೂಲೆ ತಿರುಗಿದಾಗ ಮೊದಲು ಕಂಡದ್ದು ಮೇಜಿನ ಮೇಲೆ ಬಾಗಿದ್ದ ರಾಸ್ಕೋನ ಬೆನ್ನು, ಅದರ ಮೇಲೆ ಕೈಯಿಟ್ಟು ನಿಂತ ಥಿಯಾ.

ಬೆನ್ನು ನೆಟ್ಟಗಾಯಿತು. ಅವನ ಕೈಯಲ್ಲಿ ಪೆನ್ಸಿಲ್ ಇತ್ತು. ಹೊಡೆದದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

"ಏನ್ರೋ ಇಬ್ರೂ? ಯಾರಾದ್ರೂ ಸತ್ತಿದ್ದಾರಾ?" ಎಂದ ರಾಸ್ಕೋ, ಕಿವಿಮುಚ್ಚಿಗೆ ಕೊರಳಿಗೆ ಇಳಿಸಿ. "ಇದೇನೋ ಕೈಗೆ? ಮಗಳು ಕಚ್ಚಿದ್ಲಾ?" ಪೆಟ್ಟಿಗೆಯನ್ನು ತೋರಿಸಿದ. "ಮೂವತ್ತೊಂದು ಹೊಡೆದೆ ನೋಡು. ನನ್ನ ಉದ್ದ ನಳಿಗೇದೇ ಗೆಲ್ಲೋದು. ನಿನ್ನದನ್ನ ಬಾಗಿಲು ಹಾಕ್ಕೊಳ್ಳದ ಹಾಗೆ ಆನಿಸಿಡು."

"ಅದರಲ್ಲಿ ಏನಿದೆ, ತೆಗಿ. ಸಿಲಿಂಡರ್ ಖಾಲಿ ಮಾಡು," ಎಂದ ಆರಿನ್.

"ಯಾಕೆ?"

"ಮೊದಲು ತೆಗಿಯೋ!"

ಆರಿನ್ ಹಾಗೆ ಕೂಗಿದ್ದನ್ನು ರಾಸ್ಕೋ ಎಂದೂ ಕೇಳಿರಲಿಲ್ಲ. ಉಳಿದಿದ್ದ ಒಂದು ತೋಟೆಯನ್ನು ಅಂಗೈಗೆ ಉದುರಿಸಿಕೊಂಡ. ಥಿಯಾ ಹೇಳಲು ಬಾಯಿ ತೆರೆದಳು. ಆರಿನ್ ಕೈಯೆತ್ತಿ ಅವಳನ್ನು ತಡೆದು, ತಾನೇ ಹೇಳಿದ. ಮದ್ದಿಲ್ಲದ ತೋಟೆಯ ವಿಷಯ, ಎರಡು ಸಲ ಮದ್ದು ಬಿದ್ದಿರಬಹುದಾದ ತೋಟೆಯ ವಿಷಯ. ಆಮೇಲೆ, ಹುಲ್ಲನ್ನು ನೋಡುತ್ತಾ, ಮಂಗಳವಾರ ಮಧ್ಯಾಹ್ನ ತನಗೆ ನೆನಪೇ ಇಲ್ಲವೆಂಬುದನ್ನು.

"ಬೈಯೋದಿದ್ರೆ ಬೈದುಬಿಡು," ಎಂದ ಕೊನೆಗೆ.

ರಾಸ್ಕೋ ಅಂಗೈಯ ತೋಟೆಯನ್ನು ಪೆಟ್ಟಿಗೆಗೆ ಹಾಕಿದ. "ಹೋದ ತಿಂಗಳು ಊಟಕ್ಕೆ ಬಂದಾಗ ನನ್ನ ಹೆಂಡತಿ ಹೆಸರು ಏನು ಅಂತ ನನ್ನನ್ನೇ ಕೇಳ್ದೆ ನೀನು. ಅವಳು ಅಡುಗೆಮನೇಲಿದ್ಲು. ಮದುವೇಲಿ ನನ್ನ ಪಕ್ಕ ನಿಂತಿದ್ದವನು ನೀನೇ ಕಣೋ. ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ಇಲ್ಲ. ಹಾಗೆ ಅಂದ್ಕೋಬೇಕು ಅನ್ನಿಸ್ತು. ನನಗೂ ಹೆದರಿಕೆ ಆಗಿತ್ತು."

ಥಿಯಾ ಮುಖ ತಿರುಗಿಸಿಕೊಂಡು ಕ್ಲಬ್ಬಿನಿಂದ ತಂದಿದ್ದ ಪೆಟ್ಟಿಗೆಯನ್ನು ಪಿಕಪ್ಪಿನಿಂದ ತರಲು ಹೋದಳು.

ಹೊಡೆಯದೆ ಉಳಿದದ್ದು ಮೂವತ್ತೇಳು ಅವಳವು, ಹತ್ತೊಂಬತ್ತು ರಾಸ್ಕೋನವು. ರಾಸ್ಕೋ ಒಳಗಿನಿಂದ ಗುಂಡು ಕೀಳುವ ಸುತ್ತಿಗೆ ತಂದ. ಅದರ ಟೊಳ್ಳು ತಲೆಯೊಳಗೆ ತೋಟೆ ಸಿಕ್ಕಿಸಿ ಮರದ ಕೊರಡಿಗೆ ಕುಟ್ಟಿದರೆ ಗುಂಡು ಕಳಚಿಕೊಂಡು ಮದ್ದು ಸಡಿಲವಾಗುತ್ತದೆ. ಆರಿನ್ ಎಡಗೈಯಲ್ಲೇ ಕುಟ್ಟಿದ. ಥಿಯಾ ಗುಂಡುಗಳನ್ನು ಎಣಿಸಿದಳು. ರಾಸ್ಕೋ ಕೊರಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ರತಿ ಸಲವೂ ಅಂಗೈಯೊಡ್ಡಿ ಮದ್ದು ಹಿಡಿದು, ನೋಡಿ, ನೆಲಕ್ಕೆ ಬಿಡುತ್ತಿದ್ದ. ಪ್ರತಿ ಸಲವೂ ಅಂಗೈಯ ನಡುವೆ ಒಂದೇ ಅಳತೆಯ ಚಿಕ್ಕ ಕಪ್ಪು ಗುಡ್ಡೆ. ಬಿಸಿಲು ಏರುತ್ತಿತ್ತು.

ರಾಸ್ಕೋನ ಪೆಟ್ಟಿಗೆ ಮುಗಿಯಿತು. ಥಿಯಾಳದು ಶುರುವಾಯಿತು. ಕೊನೆಗೆ, ಬೆಳಿಗ್ಗೆ ಅವಳ ಸಿಲಿಂಡರಿನಲ್ಲೇ ಉಳಿದಿದ್ದ ಐದನ್ನು ಅವಳು ಜೇಬಿನಿಂದ ತೆಗೆದು ಕೊಟ್ಟಳು. ಆರಿನ್ ಮೊದಲನೆಯದನ್ನು ಸಿಕ್ಕಿಸಿ ಎರಡು ಏಟು ಕುಟ್ಟಿ, ಸುತ್ತಿಗೆಯನ್ನು ಗೆಳೆಯನ ಅಂಗೈಯ ಮೇಲೆ ಬೋರಲು ಹಾಕಿದ. ಮದ್ದು ಸುರಿಯಿತು. ಗುಡ್ಡೆ ಎಂದಿನ ಅಳತೆಗೆ ಬಂತು, ಇನ್ನೂ ಸುರಿಯಿತು. ರಾಸ್ಕೋ ಬೆರಳುಗಳನ್ನು ಮೆಲ್ಲನೆ ಮಡಿಚಿ ಅದಕ್ಕೆ ಜಾಗ ಮಾಡಿಕೊಟ್ಟ.