ಬಾರಿನ ಆರನೇ ತೂತು

ಬೀದಿಯವರು ಅವನನ್ನು ಅಳತೆಯಣ್ಣ ಎಂದೇ ಕರೆಯುತ್ತಿದ್ದರು. ತನ್ನ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತುವವರ ಕಾಲನ್ನು ಕಣ್ಣಲ್ಲೇ ಅಳೆದು, ಅವರು ಕೂರುವಷ್ಟರಲ್ಲಿ ಸರಿಯಾದ ಜೋಡಿಯನ್ನು ಎದುರಿಗಿಡುತ್ತಿದ್ದ. ತಪ್ಪುತ್ತಿದ್ದುದು ಅಪರೂಪ. ತಪ್ಪಿದಾಗ ಗಿರಾಕಿಯ ಕಾಲೇ ಸರಿಯಿಲ್ಲ ಎಂದು ಸಾಧಿಸುವಷ್ಟು ಬಾಯಿಯೂ ಇತ್ತು. ತಾನು ಹೊಲಿದ ಚಪ್ಪಲಿ ಯಾರ ಕಾಲನ್ನೂ ಕಚ್ಚಬಾರದು ಎಂಬುದೊಂದೇ ಅವನ ಹಟ.

ಹೆಂಡತಿ ಅದೇ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಒಂದು ಸಂಜೆ, "ರೀ, ಚಪ್ಪಲಿ ಬಾರು ಬಿಗಿ ಆಗ್ತಿದೆ, ಇನ್ನೊಂದು ತೂತು ಹೊಡೆದುಕೊಡಿ" ಎಂದಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಳತೆ ನೋಡಿ ಹೊಡೆದುಕೊಟ್ಟ. ಹದಿನೈದು ದಿನಕ್ಕೆ ಮತ್ತೊಂದು. ಇಡೀ ದಿನ ಕಾಲು ಇಳಿಬಿಟ್ಟು ಕೂತರೆ ಯಾರಿಗಾದರೂ ಊದುತ್ತದೆ, ಬೆಳಗಾದರೆ ಇಳಿಯುತ್ತದೆ ಎಂದುಕೊಂಡ. ನಾಲ್ಕನೇ ತೂತಿನ ಹೊತ್ತಿಗೆ ಬೆಳಗ್ಗೆಯೂ ಊತ ಇಳಿಯುತ್ತಿರಲಿಲ್ಲ. ಅದನ್ನೂ ಅವನು ನೋಡಿದ.

"ನಿನ್ನ ಕಾಲಿಗೆ ಈ ವಯಸ್ಸಲ್ಲಿ ಮೈ ಬರ್ತಿದೆ ಕಣೇ" ಎಂದು ನಗಾಡಿ, ಬಾರಿಗೆ ಇನ್ನೊಂದು ತುಂಡು ಜೋಡಿಸಿ ಹೊಲಿದ. ಜೋಡಿಸಿದ್ದು ಗೊತ್ತೇ ಆಗದಷ್ಟು ಅಚ್ಚುಕಟ್ಟಾದ ಹೊಲಿಗೆ. ಆ ತುಂಡಿನಲ್ಲೇ ಐದನೇ ತೂತು ಬಿತ್ತು, ಆಮೇಲೆ ಆರನೆಯದು.

ಒಂದು ದಿನ ಅಂಗಡಿಯ ನಾಲ್ಕು ಮೆಟ್ಟಿಲು ಹತ್ತಿದವಳು ಬಾಗಿಲಲ್ಲೇ ಕುಸಿದು ಕೂತಳು. ಏದುಸಿರು. ಮಾತು ಹೊರಡಲಿಲ್ಲ. ಅಂಗಡಿಯ ಬಾಗಿಲನ್ನೂ ಹಾಕದೆ ಅವಳನ್ನು ಆಸ್ಪತ್ರೆಗೆ ಸಾಗಿಸಿದ.

ಡಾಕ್ಟರಮ್ಮ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ನಿಂತಿತು.

"ಇದು ನೀರು. ಹೃದಯಕ್ಕೆ ಶಕ್ತಿ ಸಾಲ್ತಿಲ್ಲ, ರಕ್ತ ಸರಿಯಾಗಿ ತಳ್ತಿಲ್ಲ. ಅದಕ್ಕೇ ನೀರು ಮೈಯಲ್ಲೇ ಉಳಿದು ಕಾಲಿಗಿಳಿದಿದೆ. ಈಗ ಶ್ವಾಸಕೋಶಕ್ಕೂ ಬಂದಿದೆ. ಊತ ಎಷ್ಟು ದಿನದಿಂದ ಇದೆ?"

ಹೆಂಡತಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಅವಳ ಚಪ್ಪಲಿ ಅಳತೆಯಣ್ಣನ ಕೈಯಲ್ಲಿತ್ತು. ಒಂದೊಂದೇ ತೂತಿನ ಮೇಲೆ ಬೆರಳಿಟ್ಟು, ಯಾವುದು ಯಾವಾಗ ಎಂದು ಹೇಳುತ್ತಾ ಹೋದ. "ಮೂರು ತಿಂಗಳಾಯ್ತು" ಎಂದು ಮುಗಿಸಿದ.

ಡಾಕ್ಟರಮ್ಮ ಬಾರನ್ನು ನೋಡಿದರು, ಅವನ ಮುಖ ನೋಡಿದರು. "ಎರಡನೇ ತೂತಿಗೇ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು. ಅವನಿಗೆ ಅಳುವೂ ಬರಲಿಲ್ಲ, ಭಯವೂ ಆಗಲಿಲ್ಲ. ಎದುರಿನ ಗೋಡೆಯಲ್ಲಿ ಬಣ್ಣ ಎದ್ದ ಜಾಗವನ್ನು ನೋಡುತ್ತಾ ಕೂತ.

ನೀರಿಳಿಸುವ ಔಷಧಿಗೆ ಐದು ದಿನದಲ್ಲಿ ಅವಳ ತೂಕ ಆರು ಕಿಲೋ ಇಳಿಯಿತು. ಕಣಕಾಲಿನ ಮೂಳೆ ಮತ್ತೆ ಕಾಣಿಸಿಕೊಂಡಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನು ಬರೆದುಕೊಂಡ. ಉಪ್ಪು ಕಡಿಮೆ. ಕುಡಿಯುವ ನೀರೂ ಅವರು ಹೇಳಿದಷ್ಟೇ. ಮಾತ್ರೆ ತಪ್ಪಿಸುವಂತಿಲ್ಲ. ದಿನಾ ಬೆಳಗ್ಗೆ ತಿಂಡಿಗೆ ಮೊದಲು ತೂಕ ನೋಡಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕಾಯದೆ ಬರಬೇಕು.

"ಹೃದಯ ಮೊದಲಿನ ಹಾಗೆ ಆಗುತ್ತೆ ಅಂತ ಹೇಳೋಕಾಗಲ್ಲ. ಎಚ್ಚರವಾಗಿದ್ರೆ ನಿಭಾಯಿಸಬಹುದು."

ಅದನ್ನೂ ಬರೆದುಕೊಂಡ. ಅಕ್ಷರ ದುಂಡಗೆ ಬಂತು. ಯಾರದೋ ಮನೆಯ ವಿಷಯ ಬರೆದ ಹಾಗಿತ್ತು.

ಡಾಕ್ಟರಮ್ಮ ಹೋದ ಮೇಲೆ ಹೆಂಡತಿಯ ಕಾಲ ಕೆಳಗೆ ದಿಂಬು ಸರಿಪಡಿಸಿದ. ಐದು ದಿನದಿಂದ ತಡೆದಿಟ್ಟುಕೊಂಡಿದ್ದ ಮಾತು ಆಗ ಸಿಟ್ಟಾಗಿಯೇ ಹೊರಬಂತು.

"ಇಷ್ಟೆಲ್ಲ ಆಗ್ತಿದೆ ಅಂತ ನಂಗೊಂದು ಮಾತು ಹೇಳೋದಲ್ವೇನೇ?"

ಅವಳು ಆಶ್ಚರ್ಯದಿಂದ ಅವನನ್ನು ನೋಡಿದಳು. ದನಿಯಲ್ಲಿ ದೂರು ಒಂದಿಷ್ಟೂ ಇರಲಿಲ್ಲ.

"ಹೇಳೋದೇನು ರೀ? ಪ್ರತಿ ಸಲ ಕಾಲು ನಿಮ್ಮ ತೊಡೆ ಮೇಲೇ ಇತ್ತಲ್ಲ. ನಂಗೂ ಹೆದರಿಕೆ ಆಗ್ತಿತ್ತು. ಕಾಲಿನ ವಿಷಯ ನಿಮಗಿಂತ ಯಾರಿಗೆ ಗೊತ್ತು? ನೀವು ನೋಡಿ ನಕ್ಕು ತೂತು ಹೊಡೆದುಕೊಡ್ತಿದ್ರಿ. ಹಾಗಾದ್ರೆ ಏನೂ ಇಲ್ಲ ಅಂತ ನೆಮ್ಮದಿಯಾಗಿ ಎದ್ದು ಹೋಗ್ತಿದ್ದೆ."