ಮೊದಲ ವೀಳ್ಯದ ಮನೆ

ಕಾಲುವೆ ನೀರಿಗಾಗಿ ಎರಡು ಊರಿನವರು ಮಚ್ಚು ಹಿಡಿದು ನಿಂತಿದ್ದಾಗ ನಡುವೆ ಹೋಗಿ ಕೂತವರು ಸಿದ್ದಗಂಗಯ್ಯ. ಕಡಿಯೋದಿದ್ದರೆ ಮೊದಲು ನನ್ನನ್ನೇ ಕಡಿಯಿರಿ ಅಂದರಂತೆ. ಯಾರೂ ಕಡಿಯಲಿಲ್ಲ. ಮಠದ ಸ್ವಾಮಿಗಳು ಬೆಳ್ಳಿಕಟ್ಟಿನ ಬೆತ್ತ ಕೊಟ್ಟು, ಇನ್ನು ಮೇಲೆ ನಿಮ್ಮ ವಂಶದವರೇ ಯಜಮಾನರು ಎಂದರು. ಅಂದಿನಿಂದ ಸುತ್ತಲ ಊರುಗಳಲ್ಲಿ ಯಾರ ಮದುವೆಯಾದರೂ ಮೊದಲ ವೀಳ್ಯ ಆ ಮನೆಗೆ. ಅವರಾದ ಮೇಲೆ ಮಗ, ಆಮೇಲೆ ಮೊಮ್ಮಗ ಶಶಿಕಿರಣ್. ಅವನು ಯಜಮಾನನಾಗಿ ಎರಡು ವರ್ಷ ತುಂಬಿರಲಿಲ್ಲ, ಬಿಡದಿಯಿಂದ ಬರುವಾಗ ಲಾರಿ ಬಡಿಯಿತು.

ಮುಂದೆ ಬೆತ್ತ ನಮ್ಮ ಮಗಳು ಶ್ರುತಿಗೇ ಎಂದು ಶಶಿ ಹೇಳುತ್ತಿದ್ದ. ಅವನು ಬಿಟ್ಟುಹೋದದ್ದರಲ್ಲಿ ಹೆಂಡತಿ ಮೇಘನಾ ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಮಾತೊಂದನ್ನೇ.

ಶಶಿಯ ಶಿವಗಣಾರಾಧನೆಯ ದಿನ ಅತ್ತೆ ಗಿರಿಜಾಂಬ ಅಂದಿದ್ದರು: "ಮಗು ದೊಡ್ಡೋಳಾಗೋಗಂಟ ಬೆತ್ತ ರುದ್ರನತ್ರ ಇರ್ಲಿ ಕಣವ್ವ. ನಿನ್ ಕೈಯಾರೆ ಕೊಟ್ಬುಡು." ರುದ್ರಪ್ರಸಾದ್ ಶಶಿಯ ಚಿಕ್ಕಪ್ಪನ ಮಗ. ಅತ್ತೆ ಕೈಗಿಟ್ಟ ಎಲೆ ಅಡಿಕೆಯ ಸಮೇತ, ನೆಂಟರೆಲ್ಲ ನೋಡುತ್ತಿರುವಾಗ, ಮೇಘನಾ ಬೆತ್ತ ಕೊಟ್ಟಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಮಾಡುತ್ತಿದ್ದಳು.

ವರ್ಷ ಕಳೆದು ದೊಡ್ಡಮಳೂರಿನಲ್ಲೊಂದು ಮದುವೆ. ಶ್ರುತಿ ಜರಿಲಂಗ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೊದಲ ವೀಳ್ಯಕ್ಕೆ ಹೆಸರು ಕೂಗುವವನು ಗಂಟಲು ಸರಿಮಾಡಿಕೊಂಡ.

"ಯಜಮಾನ್ರು ರುದ್ರಪ್ರಸಾದ್!"

ಮೇಘನಾ ಪಕ್ಕಕ್ಕೆ ತಿರುಗಿದಳು. "ಅತ್ತೆ, ಬಾಯಿತಪ್ಪಿ ಕೂಗಿದ್ರಾ?"

ಗಿರಿಜಾಂಬ ಸೆರಗು ಸರಿಮಾಡಿಕೊಂಡರು. "ಎಲೆ ಅಡಿಕೆ ಇಟ್ಟು ಕೊಟ್ಮೇಲೆ ಕೊಟ್ಟಂಗೇಯ. ನೀನೇ ಕೊಟ್ಟೆ, ಎಲ್ರೂ ನೋಡವ್ರೆ."

"ಎಲೆ ನನ್ನ ಕೈಗಿಟ್ಟೋರು ನೀವು."

"ಇನ್ನೇನ್ ಮಾಡ್ಲಿ? ನಾಳೆ ಇವ್ಳು ಮದ್ವೆಯಾದ್ರೆ ಬೆತ್ತಾನೂ ಗಂಡನ ಮನೆಗೋಯ್ತದೆ. ಇಸ್ಟರಿ ಎಮ್ಮೆ ಓದಿದ್ದೀಯ, ನಿಂಗೆ ಗೊತ್ತಿರ್ತದೆ ಅನ್ಕಂಡೆ."

ಮೇಘನಾಳಿಗೆ ಅಳು ಬರಲಿಲ್ಲ. ಶಶಿಯನ್ನು ಮನೆಗೆ ತಂದಾಗಲೂ ಬಂದಿರಲಿಲ್ಲ.

ರುದ್ರಪ್ರಸಾದ್ ವೀಳ್ಯದ ತಟ್ಟೆ ಹಿಡಿದು ತಾನೇ ಬಂದ. "ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ಶ್ರುತಿ ನಮ್ಮನೆ ಮಗು ಅಲ್ವಾ? ಎರಡನೇದು ಅವಳಿಗೇಯ. ತಗೋ ಪುಟ್ಟಿ."

ಶ್ರುತಿ ಕೈ ಚಾಚಿದಳು. ಇಷ್ಟು ಜನರ ಮುಂದೆ ಅವನ ಕೈಯಿಂದ ತೆಗೆದುಕೊಂಡರೆ ಯಜಮಾನ ಅವನೇ ಎಂದು ಒಪ್ಪಿದಂತೆ. ಈ ಸಲ ಅದನ್ನು ಯಾರೂ ಮೇಘನಾಳಿಗೆ ತಿಳಿಸಿಕೊಡಬೇಕಾಗಿರಲಿಲ್ಲ. ಅವಳು ಮಗಳ ಮುಂಗೈ ಹಿಡಿದಳು.

"ಬೇಡ."

ಹಿಂದಿನ ಸಾಲಿನಿಂದ ಮುದುಕಿ ಮಾರಕ್ಕ ಬಾಯಿಬಿಟ್ಟಳು: "ಸಿದ್ದಗಂಗಯ್ಯನ ಮನೆ ಕೂಸೇ ಈಸ್ಕಳ್ನಿಲ್ಲ ಅಂದ್ಮೇಲೆ ನಾವ್ಯಾಕಪ್ಪ ಈಸ್ಕಳಾಣ?" ಯಾರೋ ನಕ್ಕರು. ಮೂರನೆಯ ಹೆಸರು ಕೂಗುವವನ ಬಾಯಲ್ಲೇ ಉಳಿಯಿತು.

"ಮನೆ ಮಾನ ತೆಗೆದ್ಬುಟ್ಟೆ," ಅಂದರು ಗಿರಿಜಾಂಬ. ಸೊಸೆಯ ಜೊತೆ ಅದೇ ಅವರ ಕೊನೆಯ ಮಾತು.

ಮುಂದಿನ ಮದುವೆಗಳಲ್ಲಿ ಮೊದಲ ವೀಳ್ಯವನ್ನು ದೇವರ ಮುಂದಿಟ್ಟು ಸುಮ್ಮನಾದರು. ಯಾರಿಗೂ ಜಗಳ ಬೇಕಿರಲಿಲ್ಲ.

ದೊಡ್ಡಮಳೂರಿನ ಮದುವೆಯ ದಿನ ತಾಯಿ ಮಗಳು ಊಟ ಮಾಡದೆ ಬಸ್ಸು ಹತ್ತಿದ್ದರು. ಚನ್ನಪಟ್ಟಣ ದಾಟುವವರೆಗೂ ಶ್ರುತಿ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.

"ಎರಡನೇದಾದ್ರೂ ಈಸ್ಕೋಬೋದಿತ್ತಲ್ಲಮ್ಮ. ನನ್ನ ಹೆಸರೂ ಕೂಗ್ತಿದ್ರು."

ಮೇಘನಾ ಅವಳ ತಲೆ ಸವರಲು ಹೋದಳು. ಶ್ರುತಿ ಸರಿದು ಕೂತಳು.